ತೀರ್ಪಿಗೆ ಮುನ್ನ ತಿಳಿವು

ಬೆಳ್ತಂಗಡಿ ಕಡೆಯ ತಾಯಿಯೊಬ್ಬರು ಮಗಳ ಚೀಲದಲ್ಲಿ ಸಿಕ್ಕ ಗುಳಿಗೆಯ ಪಟ್ಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಕಣ್ಣೀರಿಟ್ಟರು. ಮಗಳು ಮೂಡುಬಿದಿರೆಯಲ್ಲಿ ಓದುತ್ತಿದ್ದ ಅವಿವಾಹಿತೆ, ಗುಳಿಗೆ ಗರ್ಭನಿರೋಧಕ. ನನ್ನ ಮನಸ್ಸೂ ಒಂದು ಕ್ಷಣ ತೀರ್ಪಿತ್ತಿತು. ಬಳಿಕ ತಿಳಿದ ಸತ್ಯವೇ ಬೇರೆ. ಪಿ.ಸಿ.ಓ.ಎಸ್. ಎಂಬ ತೊಂದರೆಯಿಂದ ತಿಂಗಳುಗಟ್ಟಲೆ ಮುಟ್ಟು ನಿಂತಿದ್ದ ಆಕೆಗೆ ವೈದ್ಯರೇ ಅದನ್ನು ಬರೆದುಕೊಟ್ಟಿದ್ದರು. ಮನೆಯವರ ಶಂಕೆಗೆ ಅಂಜಿ ಆಕೆ ಸೇವನೆಯನ್ನೇ ನಿಲ್ಲಿಸಿದ್ದಳು.

ತೀರ್ಪಿಗೆ ಮುನ್ನ ತಿಳಿವು ಬೇಕು. ಪಿಟ್ಯುಟರಿ ಗ್ರಂಥಿಯು ಎಫ್.ಎಸ್.ಎಚ್., ಎಲ್.ಎಚ್. ಎಂಬ ಹಾರ್ಮೋನುಗಳನ್ನು ಸ್ರವಿಸಿ ಅಂಡಾಶಯವನ್ನು ಎಚ್ಚರಿಸುತ್ತದೆ. ಗುಳಿಗೆಯಲ್ಲಿರುವ ಕೃತಕ ಈಸ್ಟ್ರೋಜನ್ ಹಾಗೂ ಪ್ರೊಜೆಸ್ಟಿನ್ ಈ ಸಂದೇಶವನ್ನು ತಗ್ಗಿಸುತ್ತವೆ. ಆಗ ಅಂಡವು ಪಕ್ವವಾಗಿ ಹೊರಬರುವುದಿಲ್ಲ. ದೇಹದ ಸ್ವಂತ ಈಸ್ಟ್ರೋಜನ್ ಕೆಳಮಟ್ಟದಲ್ಲಿ ಉಳಿಯುತ್ತದೆ. ಋತುಚಕ್ರದ ಉತ್ತರಾರ್ಧದಲ್ಲಿ ಏರಬೇಕಾದ ಪ್ರೊಜೆಸ್ಟರಾನ್ ಏರುವುದಿಲ್ಲ. ಯಕೃತ್ತು ಲೈಂಗಿಕ ಹಾರ್ಮೋನುಗಳನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚು ತಯಾರಿಸುವುದರಿಂದ ರಕ್ತದಲ್ಲಿನ ಮುಕ್ತ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಪಿ.ಸಿ.ಓ.ಎಸ್. ಇರುವ ಅನೇಕರಲ್ಲಿ ಹೆಚ್ಚಿರುವುದು ಇದೇ. ಆದುದರಿಂದ ಅದೇ ಗುಳಿಗೆ ಅಲ್ಲಿ ಔಷಧ. ಅದು ರೋಗವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಬೇರುಸಹಿತ ಕೀಳದು.

1968ರ ‘ಹ್ಯುಮಾನೆ ವಿತೆ’ ವಿಶ್ವಪತ್ರದಲ್ಲಿ ಜಗದ್ಗುರು ಆರನೆಯ ಪೌಲರು ಗರ್ಭಧಾರಣೆಯನ್ನು ತಡೆಯುವುದನ್ನೇ ಉದ್ದೇಶವಾಗಿಸಿಕೊಂಡ ಕ್ರಿಯೆಯನ್ನು ನಿರಾಕರಿಸಿದರು. ಆದರೆ ಅದೇ ಪತ್ರದ 15ನೆಯ ಪರಿಚ್ಛೇದವು ರೋಗನಿವಾರಣೆಗೆ ಅಗತ್ಯವಾದ ಚಿಕಿತ್ಸೆಯನ್ನು, ಅದರಿಂದ ಸಂತಾನಕ್ಕೆ ತಡೆಯಾದೀತೆಂದು ಮೊದಲೇ ತಿಳಿದಿದ್ದರೂ, ಆ ತಡೆಯೇ ಗುರಿಯಾಗಿಲ್ಲದಿದ್ದರೆ ಅಕ್ರಮವೆನ್ನುವುದಿಲ್ಲ. ನಮ್ಮವರಿಗೆ ಮೊದಲ ಮಾತು ನೆನಪಿರುವಷ್ಟು ಎರಡನೆಯದು ನೆನಪಿಲ್ಲ. ನೆನಪಿಸಬೇಕಾದವರು ನಾವೇ ಸುಮ್ಮನಿದ್ದೆವು.

ಔಷಧವೆಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಅದು ಹೆಚ್ಚಿಸುತ್ತದೆ. ಅಧಿಕ ರಕ್ತದೊತ್ತಡ ಅಥವಾ ಕೆಲವು ಬಗೆಯ ಅರೆತಲೆನೋವು ಉಳ್ಳವರಿಗೆ ಅದು ಸಲ್ಲದು. ಬಂಟ್ವಾಳದ ಗೃಹಿಣಿಯೊಬ್ಬಳು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಗುಳಿಗೆಯನ್ನು ಬೇರೆಯವರ ಮೂಲಕ ತರಿಸಿ ಗುಟ್ಟಾಗಿ ನುಂಗುತ್ತಿದ್ದರೆ, ತನ್ನ ರಕ್ತದೊತ್ತಡದ ವಿಷಯವನ್ನು ಆಕೆ ಯಾರಿಗೆ ಹೇಳಿಯಾಳು? ಆಕೆಯ ಆಯ್ಕೆಯನ್ನು ಧರ್ಮಸಭೆ ಒಪ್ಪದು. ಆದರೆ ಆಕೆಯ ಪ್ರಾಣಕ್ಕೆ ಕುತ್ತು ತರುವ ಮೌನವನ್ನು ನಾವು ಕಟ್ಟಿದ್ದರೆ, ಹೊರೆಯನ್ನು ಹೆಂಡತಿಯೊಬ್ಬಳ ಮೇಲೆಯೇ ಹೊರಿಸಿ ಗಂಡ ನಿಶ್ಚಿಂತನಾಗಿದ್ದರೆ, ಅದಕ್ಕೂ ದೇವರ ಮುಂದೆ ಲೆಕ್ಕ ಕೊಡಬೇಕಾಗುತ್ತದೆ. ಅಂತಃಸಾಕ್ಷಿಯನ್ನು ರೂಪಿಸುವುದು ಹೆದರಿಕೆಯಲ್ಲ, ಸತ್ಯ.

ಆ ತಾಯಿ ಮಗಳೊಂದಿಗೆ ಮತ್ತೆ ವೈದ್ಯರ ಬಳಿಗೆ ಹೋದರು. ಗುಳಿಗೆಯ ಪಟ್ಟಿ ನನ್ನ ಮೇಜಿನಿಂದ ಅದರ ಒಡತಿಗೆ ಮರಳಿತು. ಆ ಒಂದು ಕ್ಷಣದ ತೀರ್ಪಿಗಾಗಿ ನಾನು ಆ ಮಗಳ ಕ್ಷಮೆ ಕೇಳಿದೆ.