ಹೇಳದೆ ಉಳಿದ ಉಪಾಧಿ

ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ತರ್ಕವನ್ನೋದಿದ ಬಾಲಕರೆಲ್ಲರೂ ಬಲ್ಲ ಮಾತು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ಮಾತ್ರ ನೈಯಾಯಿಕನು ತಡೆಯುವನು. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಸೌದೆ ಹಸಿಯಾಗಿದ್ದರೆ ತಾನೆ ಹೊಗೆ! ಈ ಹಸಿಸೌದೆಯ ಸಂಬಂಧಕ್ಕೆ ಉಪಾಧಿಯೆಂದು ಹೆಸರು. ಹಸಿಸೌದೆಯನ್ನೇ ಉರಿಸುವ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯುವುದು ಕಷ್ಟ. ಅವನ ನಿಯಮವು ಅವನ ಅಡಿಗೆಮನೆಯಲ್ಲಿ ಒಂದು ದಿನವೂ ಸುಳ್ಳಾಗಿಲ್ಲವಷ್ಟೆ.

ಗಣಕಯಂತ್ರಗಳಿಗೆ ಕ್ರಮವಿಧಿಯನ್ನು ಬರೆಯುವವರ ಸಂಕಟವೂ ಇಂತಹುದೇ. 1996ನೆಯ ಇಸವಿ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರು ಎಂಬಲ್ಲಿಂದ ಯೂರೋಪಿನವರ ಏರಿಯಾನ್ 5 ಎಂಬ ರಾಕೆಟ್ಟು ಮೊದಲ ಸಲ ಮೇಲೇರಿತು. ಸುಮಾರು 37 ಸೆಕೆಂಡುಗಳಾಗುವಷ್ಟರಲ್ಲಿ ಅದರ ಚಲನೆಯನ್ನು ಅಳೆದು ತಿಳಿಸುವ ಗಣಕವು ನಿಂತುಹೋಯಿತು. ರಾಕೆಟ್ಟು ದಾರಿತಪ್ಪಿ ಒಡೆದು, ನಾಲ್ಕು ಉಪಗ್ರಹಗಳೊಡನೆ ನಾಶವಾಯಿತು. ಆ ಗಣಕದಲ್ಲಿದ್ದುದು ಏರಿಯಾನ್ 4ಕ್ಕಾಗಿ ಬರೆದ ಕ್ರಮವಿಧಿ. ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ಅದು 16 ಬಿಟ್ಟುಗಳ ಸ್ಥಳದಲ್ಲಿ ಇರಿಸುತ್ತಿದ್ದಿತು. ಅಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಹಳೆಯ ರಾಕೆಟ್ಟಿನಲ್ಲಿ ಅಷ್ಟು ಬರಲಾರದೆಂಬ ಲೆಕ್ಕವು ಸರಿಯಾಗಿಯೇ ಇದ್ದಿತು. ಹೊಸದರ ಅಡ್ಡವೇಗವು ಬಲು ಹೆಚ್ಚು. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಗಣಕದಲ್ಲಿಯೂ ಅದೇ ಕ್ರಮವಿಧಿಯಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತು. ವಿಪರ್ಯಾಸವೆಂದರೆ, ಆ ಗಣನೆಯು ಹೊಸ ರಾಕೆಟ್ಟಿಗೆ ನೆಲ ಬಿಟ್ಟ ಮೇಲೆ ಬೇಕೇ ಇರಲಿಲ್ಲ.

ಇಲ್ಲಿ ದೋಷ ಯಾರದು? ಊಹಿಸಿಕೊಂಡದ್ದೇ ದೋಷವೆನ್ನಲಾಗದು. ಭೂಮಿ ಬಿರಿಯದೆಂದು ನಂಬದೆ ಯಾರೂ ಹೆಜ್ಜೆಯಿಡಲಾರರು. ನಂಬಿದುದನ್ನೆಲ್ಲ ಬರೆದಿಡಬೇಕೆಂದರೆ ಕೆಲಸವೇ ಸಾಗದು. ಆದರೆ ಇದು ಕಣ್ಣಿಗೆ ಬೀಳದ ಊಹೆಯಾಗಿರಲಿಲ್ಲ. ಗಣಿತಜ್ಞ ಝಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾಮಂಡಲಿಗೆ ಕಂಡದ್ದಿದು: ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲಿಟ್ಟು, ಗಣಕದ ಹೊರೆಯು ನೂರಕ್ಕೆ 80ನ್ನು ಮೀರದಿರಲೆಂದು ಮೂರನ್ನು ಬುದ್ಧಿಪೂರ್ವಕವಾಗಿ ಬಿಟ್ಟಿದ್ದರು. ಏಕೆ ಬಿಟ್ಟರೆಂಬ ಮಾತು ಮಾತ್ರ ಕ್ರಮವಿಧಿಯ ಬರಹದಲ್ಲಿ ಇರಲಿಲ್ಲ.

ತಿಳಿಯದವನ ಮೌನ ಬೇರೆ, ತಿಳಿದವನ ಮೌನ ಬೇರೆ. ತಿಳಿದು ಬರೆಯದವನು ಮುಂದೆ ಬರುವವನಿಗೆ ಸಾಲಗಾರನೇ ಸರಿ. ಆದರೂ ಹೆಚ್ಚಿನ ಹೊಣೆಯು ಕಡ ತಂದವನದೆಂದು ತೋರುತ್ತದೆ. ಮೊದಲಿನವನು ತನ್ನ ರಾಕೆಟ್ಟನ್ನಾದರೂ ಅಳೆದಿದ್ದನು. ಹೊಸ ರಾಕೆಟ್ಟಿನ ಪಥವು ಇಂತಹುದೆಂಬ ವಿವರವನ್ನು ಆ ಗಣಕದ ನಿಬಂಧನೆಗಳಲ್ಲಿ ಸೇರಿಸುವುದು ಬೇಡವೆಂದು ಒಪ್ಪಿಕೊಂಡಿದ್ದರು. ಆ ಪಥವನ್ನು ಅನುಕರಿಸಿ ಗಣಕವನ್ನು ನೆಲದ ಮೇಲೆ ಪರೀಕ್ಷಿಸಲೂ ಇಲ್ಲ. ಹತ್ತಾರು ಸಲ ಗೆದ್ದುಬಂದ ಕ್ರಮವಿಧಿಯನ್ನು ಪ್ರಶ್ನಿಸುವುದು ಅವರಿಗೆ ಅನಾವಶ್ಯಕವೆಂದು ಕಂಡಿರಬೇಕು.