ಇಂದಿನ ಚಿಂತನೆ: ಅಕ್ಕನ ತಟ್ಟೆ, ನನ್ನ ನಾಲಿಗೆ



ತುರುವನೂರಿನ ನಮ್ಮ ಮನೆಯಲ್ಲಿ ನಾನು ಸಣಕಲು, ಅಕ್ಕ ದಪ್ಪ. ಒಂದೇ ಪಾತ್ರೆಯ ಮುದ್ದೆ ಉಂಡು, ಒಂದೇ ಹೊಲದಲ್ಲಿ ಶೇಂಗಾ ಕಿತ್ತು ಬೆಳೆದವರು. "ಅಕ್ಕಾ, ಮುದ್ದೆ ಸ್ವಲ್ಪ ಕಮ್ಮಿ ಮಾಡು" ಎಂದು ನೆಂಟರ ಎದುರಿಗೇ ಎಷ್ಟೋ ಸಲ ಅಂದಿದ್ದೇನೆ. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟಳು.

ಕಳೆದ ತಿಂಗಳು ಇಬ್ಬರೂ ಚಿತ್ರದುರ್ಗಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಶುಗರ್ ಬಂದಿರುವುದು ನನಗೆ. ಅಕ್ಕನದು ಸರಿಯಾಗಿದೆ.

ಇದು ಹೇಗೆ ಎಂದು ಓದತೊಡಗಿದೆ. 2007ರಲ್ಲಿ ಯುರೋಪಿನ ಜನರ ಅಧ್ಯಯನವೊಂದರಲ್ಲಿ ಎಫ್‌ಟಿಒ ಎಂಬ ಜೀನಿನ ಪಾತ್ರ ಗೊತ್ತಾಯಿತು. ಅದರ ಒಂದು ರೂಪ ತಂದೆ ತಾಯಿ ಇಬ್ಬರಿಂದಲೂ ಬಂದವರು, ಅದು ಇಲ್ಲದವರಿಗಿಂತ ಸರಾಸರಿ ಸುಮಾರು 3 ಕೆ.ಜಿ. ಹೆಚ್ಚು ತೂಗುತ್ತಿದ್ದರು. ಇಂಥ ನೂರಾರು ಸಣ್ಣ ವ್ಯತ್ಯಾಸಗಳು ಸೇರಿ ಹಸಿವು ಎಷ್ಟು, ಕೊಬ್ಬು ತೊಡೆಯಲ್ಲಿ ಕೂರಬೇಕೋ ಹೊಟ್ಟೆಯೊಳಗೆ ಕೂರಬೇಕೋ ಎಂಬುದರ ಮೇಲೆ ಪ್ರಭಾವ ಬೀರುತ್ತವೆ. ಹೊಟ್ಟೆಯೊಳಗಿನ ಕೊಬ್ಬೇ ಹೆಚ್ಚು ಅಪಾಯ.

2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ತಮ್ಮನ್ನು ಬ್ರಿಟನ್ನಿನ ಗೆಳೆಯ ಡಾ. ಯಡ್ಕಿನ್ ಜೊತೆ ಹೋಲಿಸಿ ಬರೆದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2! ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳನ್ನು ಅಳೆದಾಗಲೂ ಹೀಗೇ: ಮೈ ಸಣ್ಣದು, ಬೆನ್ನಿನ ಕೊಬ್ಬು ಮಾತ್ರ ಕಡಿಮೆಯಿಲ್ಲ. ಜೀನಿನ ಜೊತೆಗೆ ತಾಯಿಯ ಗರ್ಭದಲ್ಲಿ ಸಿಕ್ಕ ಪೋಷಣೆಯೂ ಇದಕ್ಕೆ ಕಾರಣವಾಗುತ್ತದೆ.

ಹಾಗಾದರೆ ಇದು ಪೂರ್ವಕರ್ಮವೇ? ಮೋಳಿಯ ಸೀವಕ ಎಂಬ ಪರಿವ್ರಾಜಕ ಇಂಥದ್ದೇ ಪ್ರಶ್ನೆ ಕೇಳಿದಾಗ ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಹೀಗೆ ನೋವಿಗೆ ಹಲವು ಕಾರಣಗಳಿವೆ, ಎಲ್ಲವನ್ನೂ ಹಿಂದಿನ ಕರ್ಮದ ತಲೆಗೆ ಕಟ್ಟುವುದು ತಪ್ಪು ಎಂದರು.

ಹಾಗೆಂದು ಎಲ್ಲವೂ ಜೀನಿನದೇ ಎಂದು ಕೈಚೆಲ್ಲುವಂತೆಯೂ ಇಲ್ಲ. ಕೋಸಲದ ರಾಜ ಪಸೇನದಿ ಹೊಟ್ಟೆ ಬಿರಿಯ ಉಂಡು ಏದುಸಿರು ಬಿಡುತ್ತಾ ಬಂದಾಗ ಬುದ್ಧರು ಅವನನ್ನು ಹಂಗಿಸಲಿಲ್ಲ. ಮಿತವಾಗಿ ಉಂಡರೆ ಏನು ಒಳ್ಳೆಯದು ಎಂದಷ್ಟೇ ಹೇಳಿದರು. ಊಟದ ಹೊತ್ತಿಗೆ ತನಗೆ ಆ ಮಾತು ನೆನಪಿಸಲು ಒಬ್ಬ ಯುವಕನನ್ನು ನೇಮಿಸಿಕೊಂಡವನು ರಾಜನೇ. ಅಳತೆ ಅವನೇ ಇಟ್ಟುಕೊಂಡದ್ದು, ಬೇರೆಯವರು ಹೇರಿದ್ದಲ್ಲ.

ಚೇತನವೇ, ಅಂದರೆ ಸಂಕಲ್ಪವೇ ಕರ್ಮ ಎನ್ನುತ್ತದೆ ಧಮ್ಮ. ಅಕ್ಕನ ಮೈ ಅವಳು ಆರಿಸಿಕೊಂಡದ್ದಲ್ಲ. ಸಣಕಲು ಮೈ ನನ್ನ ಸಾಧನೆಯೂ ಅಲ್ಲ. ಆದರೆ ನಾಲ್ಕು ಜನರ ಎದುರು ನಾನು ಆಡಿದ ಮಾತು ನಾನೇ ಆರಿಸಿಕೊಂಡದ್ದು. ನನ್ನ ಕರ್ಮ ಇದ್ದದ್ದು ಅಲ್ಲಿ.

ಮೊನ್ನೆ ಅಕ್ಕನಿಗೆ "ತಪ್ಪಾಯ್ತು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನೀನು ಮುದ್ದೆ ಕಮ್ಮಿ ಮಾಡ್ಬೇಕಲ್ಲೋ" ಎಂದಳು. ಅವಳ ಮಾತಿನಲ್ಲಿ ಅಣಕವಿರಲಿಲ್ಲ, ಚಿಂತೆಯಿತ್ತು. ಇಬ್ಬರೂ ಜೊತೆಗೇ ಉಂಡೆವು.

ಇಂದು ಊಟಕ್ಕೆ ಕೂತಾಗ ನಮ್ಮ ಕಣ್ಣು ನಮ್ಮ ತಟ್ಟೆಯ ಮೇಲಿರಲಿ. ಪಕ್ಕದವರ ಮೈ ನೋಡಿ ಅವರ ಶೀಲ ಅಳೆಯದಿರೋಣ.

ಭವತು ಸಬ್ಬ ಮಂಗಲಂ 🌼