ಅಪವಾದಕ್ಕೂ ಒಂದು ಮರ್ಯಾದೆ

ಬಾಲ, ವೃದ್ಧ, ಶ್ರಾಂತ ಅಥವಾ ರೋಗಿಯಾದ ಮುನಿಯು ಸಂಯಮದ ಮೂಲಕ್ಕೆ ಛೇದ ಬಾರದಂತೆ ತನ್ನ ಶಕ್ತಿಗೆ ತಕ್ಕ ಚರ್ಯೆಯನ್ನು ಕೈಕೊಳ್ಳಬಹುದೆಂದು ಆಚಾರ್ಯ ಕುಂದಕುಂದರು ಪ್ರವಚನಸಾರದಲ್ಲಿ ತಿಳಿಸಿದ್ದಾರೆ. ಕಟ್ಟುನಿಟ್ಟಾದ ನಿಯಮವು ಉತ್ಸರ್ಗ, ಸಡಿಲಿಕೆಯು ಅಪವಾದ. ಇವೆರಡೂ ಒಂದನ್ನೊಂದು ಅಪೇಕ್ಷಿಸಿಯೇ ನಡೆಯಬೇಕೆಂಬುದು ಅಮೃತಚಂದ್ರಾಚಾರ್ಯರ ವ್ಯಾಖ್ಯಾನ. ಮುನಿಗಳಿಗಾಗಿ ಹೇಳಿದ ಈ ವಿವೇಕವು ಮಕ್ಕಳ ಸೇವೆಗೆ ನಿಂತ ಕಚೇರಿಗಳಿಗೂ ಟ್ರಸ್ಟುಗಳಿಗೂ ಬೇಡವೆ?

ಉಡುಪಿ ಜಿಲ್ಲೆಯಲ್ಲಿ 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಹೊಸ ತಾಲೂಕುಗಳಾದವು. ಅದುವರೆಗೆ ಮೊದಲನೆಯದು ಕುಂದಾಪುರಕ್ಕೆ, ಎರಡನೆಯದು ಉಡುಪಿಗೆ ಸೇರಿತ್ತು. ಆದರೆ ಮಗುವಿನ ಪಾಲಿಗೆ ತಾಲೂಕಿನ ಗಡಿಗಿಂತ ಇಲಾಖೆಯ ಗಡಿಯೇ ಎತ್ತರ. ಅಂಗನವಾಡಿಯ ಆಹಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಚುಚ್ಚುಮದ್ದು ಆರೋಗ್ಯ ಇಲಾಖೆಯದು, ಒಂದನೆಯ ತರಗತಿ ಶಿಕ್ಷಣ ಇಲಾಖೆಯದು. ಗಂಗೊಳ್ಳಿ ಬಂದರಿಗೆ ದೂರದೂರಿನಿಂದ ಕೂಲಿಗೆ ಬಂದ ತಾಯಿಯೊಬ್ಬಳು ಮೂರು ಕಡೆಯೂ ಬೇರೆ ಬೇರೆ ದಾಖಲೆ ತೋರಿಸಬೇಕಾಗಿ ಬಂದರೆ, ಆ ದಿನಗಳ ಕೂಲಿಯೂ ಹೋಯಿತು, ಮಗುವಿನ ಊಟವೂ ತಪ್ಪಿತು.

ಕಾಯಿದೆಗೆ ಇದು ತಿಳಿಯದ ಮಾತಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಶಾಲಾ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೆಯ ಪ್ರಕರಣ ಹೇಳುತ್ತದೆ. ಅಂಗನವಾಡಿಯ ಪೌಷ್ಟಿಕ ಆಹಾರಕ್ಕೆ ಮಗುವಿನದೇ ಆಧಾರ್ ಕಡ್ಡಾಯವಲ್ಲವೆಂದು ಕೇಂದ್ರ ಸರಕಾರ 2022ರಲ್ಲಿ ಸ್ಪಷ್ಟಪಡಿಸಿತು. ಇವು ನಿಜವಾದ ಅರ್ಥದಲ್ಲಿ ಅಪವಾದಗಳು. ಹೊರೆ ಇಳಿದದ್ದು ಮಗುವಿನ ತಲೆಯಿಂದ.

2025ರ ಏಪ್ರಿಲ್‌ನ ಸಂಗತಿ ಸ್ವಲ್ಪ ತೊಡಕಿನದು. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರಕಾರ ಐದು ವರ್ಷ ಐದು ತಿಂಗಳಿಗೆ ಇಳಿಸಿತು, ಅದೂ ಆ ಒಂದು ಸಾಲಿಗೆ ಮಾತ್ರ. ಎಳೆಯ ಮಕ್ಕಳನ್ನು ಬೇಗ ಶಾಲೆಗೆ ದೂಡುವ ಹಿರಿಯರ ಅವಸರಕ್ಕೆ ಇದು ಮನ್ನಣೆಯಲ್ಲವೆ ಎಂದು ಕೇಳಬಹುದು. ಒಂದಿಷ್ಟು ಹೌದು. ಆದರೂ ನಿಯಮ ಬಿಗಿಯಾಗಿದ್ದರೆ ಒಂದು ವರ್ಷವನ್ನು ತೆರಬೇಕಾದವರು ಅವಸರ ಮಾಡಿದ ಹಿರಿಯರಲ್ಲ. ಆದ್ದರಿಂದ ಸಡಿಲಿಕೆ ಸರಿಯೇ.

ಶಾಲೆ, ವಿದ್ಯಾರ್ಥಿನಿಲಯ ನಡೆಸುವ ಧರ್ಮಸಂಸ್ಥೆಗಳು ಬೇಡುವ ವಿನಾಯಿತಿಗಳನ್ನು ಇದೇ ತಕ್ಕಡಿಯಲ್ಲಿ ತೂಗಬೇಕು. ಎರಡು ಇಲಾಖೆಗೆ ಒಂದೇ ಪಟ್ಟಿ ಸಾಲದೆ ಎಂದು ಕೇಳಿದರೆ ನ್ಯಾಯ. ಹೊರಬಾಗಿಲು, ಅಗ್ನಿಸುರಕ್ಷೆಗಳಲ್ಲಿ ರಿಯಾಯಿತಿ ಕೇಳಿದರೆ ಅದು ಮೂಲಚ್ಛೇದ. 2004ರಲ್ಲಿ ಕುಂಭಕೋಣದ ಶಾಲೆಯ ಬೆಂಕಿಗೆ 94 ಮಕ್ಕಳು ಬಲಿಯಾದರು. ಸೇವಾಭಾವವೆಂಬ ಮಾತು ಅಲ್ಲಿ ಉತ್ತರವಾಗದು.

ದೋಷವನ್ನು ಗುರುಗಳ ಮುಂದೆ ನಿವೇದಿಸುವ ಆಲೋಚನೆಯೆಂಬ ಪ್ರಾಯಶ್ಚಿತ್ತ ನಮ್ಮಲ್ಲಿದೆ. ವಿನಾಯಿತಿ ಪಡೆದ ಸಂಸ್ಥೆಯೂ ಯಾವ ನಿಯಮ, ಯಾರಿಗಾಗಿ, ಎಷ್ಟು ಕಾಲ ಎಂದು ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಜೊತೆಗೇ ಓದಿ ಹೇಳಲಿ.